ನೀರು ತಂದುಕೊಟ್ಟವನು

ಒಂಬತ್ತಕ್ಕೆ ಐದು ನಿಮಿಷ ಇರುವಾಗ
ಉಪ್ಪಳದ ಐಸಮ್ಮನ ಜಗಲಿಯಲ್ಲಿ ನಾವು ಐದು ಗೆರಸೆ.
ಮಡಿಲಲ್ಲಿ ಹೊಗೆಸೊಪ್ಪು, ಬೆರಳಿಗೆ ನೂಲು,
ಕಣ್ಣು ಮಾತ್ರ ಟೀವಿಯೊಳಗಿನ ಬಂಗಲೆಯಲ್ಲಿ.

ನಾಲ್ಕು ತಿಂಗಳಾಯಿತು ಆ ವಕೀಲರು ಸತ್ತು.
ಅವರು ತಣ್ಣಗಾದರೂ ನಾವು ಆಗಿಲ್ಲ.
ಸೊಸೆಯೇ, ಅಂದಳು ಪಿಲ್ಲುಬಾಯಿ,
ಮಲಗುವಾಗಲೂ ಅಷ್ಟು ಬಳೆ ಹಾಕುವವಳನ್ನು ನಂಬಬೇಡ.
ತಮ್ಮ, ಅಂದಳು ಯಮುನಾ, ಅವನ ಮೀಸೆ ನೋಡು ಮಾರಾಯ್ತಿ.
ನಾನು ಡಾಕ್ಟರನ ಮೇಲೆ ಎರಡು ಕಟ್ಟು ಪಣ ಇಟ್ಟೆ,
ಐವತ್ತು ಬೀಡಿ, ಒಂದು ಗಂಟೆಯ ಬೆನ್ನುನೋವು.
ಲೋಲಾಕ್ಷಿಯನ್ನು ಯಾರೂ ಕೇಳಲಿಲ್ಲ.
ಸಣ್ಣಂದಿನ ಜ್ವರಕ್ಕೆ ಅವಳ ಕಿವಿ ಹೋಗಿದೆ,
ನಾವು ನಕ್ಕಾಗ ನಗುತ್ತಾಳೆ, ಒಂದು ಗಳಿಗೆ ತಡವಾಗಿ.

ನಿನ್ನೆ,
ನಿನ್ನೆ ಎಂಥ ಆಯಿತು ಗೊತ್ತುಂಟಾ,
ಇನ್ಸ್‌ಪೆಕ್ಟರ ಎಲ್ಲರನ್ನೂ ಸಾಲಾಗಿ ಕೂರಿಸಿ
ಒಂದು ಲೋಟ ನೀರು ಕೇಳಿದ.
ತಂದುಕೊಟ್ಟ, ಯಾವಾಗಲೂ ತಂದುಕೊಡುವವನು,
ಹೆಸರಿಲ್ಲದವನು, ಹೆಗಲ ಮೇಲೆ ಬೈರಾಸು.
ಇನ್ಸ್‌ಪೆಕ್ಟರ ಕುಡಿಯಲಿಲ್ಲ.
ಲೋಟವನ್ನು ಹಾಗೇ ಅವನತ್ತ ಸರಿಸಿ,
"ನೀನೇ ಕುಡಿ" ಅಂದ.

ಐಸಮ್ಮನ ಕತ್ತರಿ ಎಲೆಯ ನಡುವೆ ನಿಂತಿತು.
ಪಡಚ್ಚೋನೇ, ಅಂದಳು ಅವಳು. ಸಾಯ್ಬಾ, ಅಂದಳು ಪಿಲ್ಲುಬಾಯಿ.
ನನ್ನದು ತುಳುವಿನಲ್ಲಿ, ಬರೆಯುವ ಹಾಗಿಲ್ಲ.
ಮೂರು ಭಾಷೆಯಲ್ಲಿ ತೆರೆದ ಬಾಯಿ
ಮುಚ್ಚಲು ಒಂದು ಮಾತೂ ಸಿಗಲಿಲ್ಲ.

ಮೊದಲ ದಿನದಿಂದಲೇ ಇದ್ದನಲ್ಲ!
ಪ್ರತಿ ಕಂತಿನಲ್ಲೂ ನಮ್ಮೆದುರೇ ಬಾಗಿಲು ದಾಟಿದ,
ಅವನ ನೆರಳು ಸೊಸೆಯ ಸೀರೆಯ ಮೇಲೆ ಬಿತ್ತು,
ನಾವು ಸೀರೆಯ ಬಣ್ಣಕ್ಕೆ ಜಗಳವಾಡಿದೆವು.
ಕತೆ ಬರೆದವ ಯಾರೋ,
ಅವನ ಕೈಗೆ ಒಂದು ಚಿನ್ನದ ಕಡಗ ಹಾಕಬೇಕು.
ಅಡಗಿಸಲಿಲ್ಲ, ಸುಳ್ಳೂ ಹೇಳಲಿಲ್ಲ,
ಎದುರಿಗಿಟ್ಟು, ನಮ್ಮನ್ನು ಆಚೆ ನೋಡಲು ಬಿಟ್ಟ.

ಮೋಸ ಹೋಗುವುದು ನಮಗೇನು ಹೊಸತಲ್ಲ.
ಬ್ರಾಂಚಿನಲ್ಲಿ ಚೆಕ್ಕರ್ ಸಾವಿರಕ್ಕೆ ಅರುವತ್ತು ತೆಗೆದು
ಸರಿಯಿಲ್ಲ ಅನ್ನುತ್ತಾನೆ, ಮುರಿದು ಗೋಣಿಗೆ ಎಸೆಯುತ್ತಾನೆ.
ಆ ಮೋಸ ರಾತ್ರಿಯೆಲ್ಲ ಎದೆಯಲ್ಲಿ ಕೆಮ್ಮುತ್ತದೆ.
ಇದು ಹಾಗಲ್ಲ. ಇಲ್ಲಿ
ಬಂದ ದಾರಿಯಲ್ಲೇ ತಿರುಗಿ ಹೋಗಿ ಎಣಿಸಬಹುದು,
ಲೋಟ, ನೆರಳು, ಬೈರಾಸು,
ಎಲ್ಲ ಇಟ್ಟಲ್ಲೇ ಉಂಟು, ಒಂದೂ ಕಡಿಮೆಯಿಲ್ಲ.
ಮಲಗಿದ ಮೇಲೂ ಎಣಿಸಿದೆ. ನಗು ಬಂತು, ಗಂಡನಿಗೆ ಎಚ್ಚರವಾಯಿತು.

ಅಯ್ಯೋ, ಹೇಳಲು ಮರೆತೆ.
ಜಾಹೀರಾತು ಬಂದಾಗ ಲೋಲಾಕ್ಷಿ
ಗೆರಸೆಯ ಅಡಿಯಿಂದ ಒಂದು ಕಟ್ಟು ತೆಗೆದು ಮುಂದಿಟ್ಟಳು.
ಎಲೆ ಒಣಗಿ ಬಣ್ಣ ಹೋಗಿತ್ತು, ನೂಲು ಹಳತು.
ಲೋಟ ಹಿಡಿದ ಹಾಗೆ ಕೈ ಮಾಡಿ
ತನ್ನ ಹೆಗಲನ್ನು ಎರಡು ಸಲ ತಟ್ಟಿದಳು.
ಯಾವಾಗಿನಿಂದ? ಕೇಳಿದೆ ಕಣ್ಣಲ್ಲಿ.
ಎರಡು ಬೆರಳು. ಎರಡನೆಯ ಕಂತು.

ನನ್ನ ಐವತ್ತು ಕೊಟ್ಟೆ. ಒಂದೊಂದೇ ಎಣಿಸಿಕೊಂಡಳು.
ಬಾಯಿ ಸರಿ ಕುತ್ತಿಲ್ಲವೆಂದು
ಒಂದನ್ನು ವಾಪಸು ಮಾಡಿದಳು.