ಗುರುವಾರಕ್ಕೊಂದು ಗುಂಡಿ

ಪೋರ್ತೊ ನಗರದ ಇಳಿಜಾರು ಬೀದಿಯಲ್ಲಿ
ಎರ್ಮೆಲಿಂಡಾಳ ಗುಂಡಿ ಅಂಗಡಿ.
ನೆಲದಿಂದ ಸೂರಿನವರೆಗೂ ಗೇಣುದ್ದದ ಡ್ರಾಯರು,
ಒಂದೊಂದರ ಹಣೆಗೂ ಒಳಗಿರುವುದರದೇ ಬೊಟ್ಟು:
ಚಿಪ್ಪಿನದು, ಕೊಂಬಿನದು, ಹಿತ್ತಾಳೆಯದು,
ಎಂದೋ ಮುಚ್ಚಿಹೋದ ದೋಣಿ ಕಂಪನಿಯ ಸಮವಸ್ತ್ರದ್ದು.
ಏಣಿ ಹತ್ತದೆ ವ್ಯಾಪಾರವಿಲ್ಲ.

ಬಾಡಿಗೆ ಏರಿದ ವರ್ಷ ತಂಗಿಯ ಮಗ ದುವಾರ್ತೆ ಬಂದ,
ಫೋನನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದ.
"ದಿನಕ್ಕೆ ಮೂರು ಹಾಕಬೇಕು ದೊಡ್ಡಮ್ಮ,
ಒಂದು ದಿನ ತಪ್ಪಿದರೂ ಅದು ನಿನ್ನನ್ನು ಮರೆತುಬಿಡುತ್ತದೆ."
ಯಾವುದು, ಎಂದು ಅವಳು ಕೇಳಲಿಲ್ಲ.
ಮರೆಯುವವರ ಪರಿಚಯ ಅವಳಿಗೇನು ಹೊಸದಲ್ಲ.

ಹಾಕಿದಳು. ಮೂರರಂತೆ ಹಾಕಿದಳು.
ಏಣಿಯ ತುದಿಯಿಂದ ಗುಂಡಿಗಳ ಮಳೆಗರೆದಳು,
ಅರವತ್ತೊಂದರ ಮೊಣಕಾಲಲ್ಲಿ ಎರಡು ಹೆಜ್ಜೆ ಕುಣಿದಳು.
ನಲವತ್ತು ಸಾವಿರ ಮಂದಿ ನೋಡಿದರು.
ಮೂರು ದಿನ ಬಾಗಿಲಲ್ಲಿ ನೂಕುನುಗ್ಗಲು,
ಬಂದವರು ಡ್ರಾಯರಿಗೆ ಬೆನ್ನು ಕೊಟ್ಟು
ತಂತಮ್ಮ ಮುಖ ಹಿಡಿದುಕೊಂಡು ಹೋದರು.
ಮಾರಾಟವಾದದ್ದು ಒಂದು ಪೊಟ್ಟಣ ಸೂಜಿ.
ಸುರಿದದ್ದನ್ನು ಆರಿಸಿ ಬೇರೆ ಬೇರೆ ಇಡಲು
ಹನ್ನೊಂದು ಸಂಜೆ.

ನಮ್ಮ ನುಡಿಯಲ್ಲಿ ಗುಂಡಿಯೆಂದರೆ ಹಳ್ಳವೂ ಹೌದು.
ಅವಳಿಗೆ ಕನ್ನಡ ಬಾರದು,
ಬಿದ್ದದ್ದು ಮಾತ್ರ ಅದಕ್ಕೇ.

ರಾತ್ರಿ ಎರಡಕ್ಕೆ ರೆಸಿಫೆಯಿಂದ ಯಾರೋ:
ಆ ಹಸಿರು ಗಾಜಿನದು ಇನ್ನೂರು ಬೇಕು.
ಇದ್ದದ್ದು ಆರು.
ಇಲ್ಲವೆಂದು ಬರೆದಳು, ಕ್ಷಮಿಸಿ ಎಂದು ಬರೆದಳು,
ನಗುವ ಹಳದಿ ಮುಖವೊಂದನ್ನು ಕೊನೆಗಂಟಿಸಿ
ನಗದ ತನ್ನದನ್ನು ದಿಂಬಿಗೆ ಕೊಟ್ಟಳು.

ಆಮೇಲೊಂದು ಮಂಗಳವಾರ
ಸೆನ್ಯೋರ್ ಅಬಿಲಿಯೊ ಕೋಟು ಹಿಡಿದು ನಿಂತಿದ್ದರು,
ಎಷ್ಟು ಹೊತ್ತಿನಿಂದಲೋ.
ಬೆಳಕು ಸರಿಬೀಳಲಿಲ್ಲವೆಂದು ಅವಳು
ಒಂದೇ ಗುಂಡಿಯ ಚಿತ್ರವನ್ನು ಏಳನೆಯ ಸಲ ತೆಗೆಯುತ್ತಿದ್ದಳು.
ತಲೆ ಎತ್ತಿದಾಗ ಎದುರಿಗೆ ಯಾರೂ ಇಲ್ಲ,
ಬಾಗಿಲ ಗಂಟೆ ಮಾತ್ರ ಇನ್ನೂ ತುಸು ಅಲುಗುತ್ತಿತ್ತು.

ಫೋನನ್ನು ಖಾಲಿ ಡ್ರಾಯರಿಗೆ ಹಾಕಿದಳು.
ಲೆಕ್ಕದ ಪುಸ್ತಕ ತೆಗೆದು, ಪೆನ್ಸಿಲ್ ಚೂಪು ಮಾಡಿ,
ಗೋಡೆಯನ್ನು ಎಣಿಸಿದಳು, ಮೊದಲ ಸಲ:
ಸಾವಿರದ ನೂರ ನಲವತ್ತನಾಲ್ಕು.
ವಾರಕ್ಕೊಂದು ತೆರೆದರೆ ಇಪ್ಪತ್ತೆರಡು ವರ್ಷ.
ಆಗ ತನಗೆ ಎಂಬತ್ತಮೂರು.
ಸಾಕು ಅನ್ನಿಸಿತು. ತುಸು ಹೆಚ್ಚೇ ಆಯಿತೇನೋ.

ಗುರುವಾರ, ಊಟವಾದ ಮೇಲಿನ ಬಿಡುವಿನ ಗಂಟೆ.
ಒಂದು ಗುಂಡಿ, ಒಂದು ಚಿತ್ರ, ನಾಲ್ಕು ಸಾಲು:
ಯಾವ ಬಟ್ಟೆಗೆ ಹೊಂದೀತು, ಎಷ್ಟು ಉಳಿದಿವೆ, ಬೆಲೆ.
ಕೇಳಿದವರಿಗೆ ಶುಕ್ರವಾರ ಬೆಳಿಗ್ಗೆ ಉತ್ತರ, ಕಾಫಿಯ ಜೊತೆ.
ಕುಣಿತ ಇಲ್ಲ.
"ನೋಡುವವರು ಇಳಿದುಹೋಗುತ್ತಾರೆ," ಅಂದ ದುವಾರ್ತೆ.
"ಇಳಿಯಲಿ. ಏಣಿ ಇರುವುದು ಹತ್ತುವುದಕ್ಕೆ ಮಾತ್ರವೇ?"

ಇಳಿದರು. ಉಳಿದವರು ಮುನ್ನೂರು ಚಿಲ್ಲರೆ.
ಅವರಲ್ಲೊಬ್ಬಳು ಕೊಯಿಂಬ್ರಾದ ನಾಟಕಗಳಿಗೆ ಬಟ್ಟೆ ಹೊಲಿಯುವವಳು,
ತಿಂಗಳಿಗೊಮ್ಮೆ ರೈಲು ಹತ್ತಿ ಬಂದು
ಪಟ್ಟಿ ಹಿಡಿದು ಕೊಳ್ಳುತ್ತಾಳೆ.
ಐವತ್ತೇಳನೆಯ ವಾರದ ಡ್ರಾಯರು ಬರಿದಾಗಿತ್ತು.
ಇದ್ದದ್ದನ್ನೇ ಬರೆದಳು: ಇದು ಮುಗಿದಿದೆ,
ಹಣೆಯ ಮೇಲಿನದೊಂದೇ ಉಳಿದದ್ದು,
ನಿಮ್ಮ ಮನೆಯ ಬಿಸ್ಕತ್ತಿನ ಡಬ್ಬದಲ್ಲೊಮ್ಮೆ ಕೈಯಾಡಿಸಿ.
ವಿಸೆವುನಿಂದ ಲಕೋಟೆ ಬಂತು. ಒಳಗೆರಡು,
ಯಾರದೋ ಅಂಗಿಯ ದಾರ ಇನ್ನೂ ಬಿಟ್ಟಿರಲಿಲ್ಲ.

ಲೆಕ್ಕದ ಪುಸ್ತಕದ ಅದೇ ಪುಟದ ಕೆಳಗೆ
ಪೆನ್ಸಿಲಿನಲ್ಲಿ ಇನ್ನೊಂದು ಸಾಲಿದೆ:
ಫೋನಿಲ್ಲದವರು: ಅಬಿಲಿಯೊ. ನಡೆದೇ ಹೋಗಬೇಕು.

ಹೋಗಿದ್ದಳು, ಆ ವಾರವೇ, ದಿಬ್ಬ ಹತ್ತಿ.
ಕೋಟಿಗೆ ಅವರು ಪಿನ್ನು ಚುಚ್ಚಿಕೊಂಡಿದ್ದರು,
ಗುಂಡಿಗೆಯ ನೇರಕ್ಕೆ ಬರುವ ಕಾಜದಲ್ಲಿ.
ಪಿನ್ನು ಬಿಚ್ಚಿ, ಕೊಂಬಿನದೊಂದನ್ನು ಇಟ್ಟು,
ನಾಲ್ಕು ತೂತಿಗೂ ಎರಡೆರಡು ಸಲ ದಾರ ಹಾಯಿಸಿದಳು.
"ಮೊಮ್ಮಗಳು ತೋರಿಸಿದಳು," ಅಂದರು ಅವರು.
"ಏಣಿಯ ಮೇಲೆ ಕುಣಿದದ್ದು ನೀನೇ ಏನು?"
ದಾರ ಹಲ್ಲಿನ ನಡುವೆ ಇತ್ತು.
ಉತ್ತರ ಕೊಡಲಾಗಲಿಲ್ಲ.