ಎರಡನೆಯ ತೂತು

ಧೈದ್ ಊರಿನ ಹೊರಗೆ, ಒಂಟೆ ಓಟದ ಕಣ ದಾಟಿದರೆ
ನಮ್ಮ ತಗಡಿನ ಶೆಡ್ಡು.
ನಾನು ಅಥಣಿಯ ಪರಸಪ್ಪ. ಅರಬಿ ನಾಲಿಗೆಗೆ ಪಕಾರ ಬಾರದು,
ಹನ್ನೊಂದು ವರ್ಷದಿಂದ ಬರಸಬ್ಬ.
ಅಲ್ಲಿ ಮೆಟ್ಟು ಹೊಲಿಯುತ್ತಿದ್ದೆ, ಇಲ್ಲಿ ಜೀನು.

ಡಾಕ್ಟರ್ ಶಮ್ಮಾ ತಂದು ತೋರಿಸಿದ್ದು ಒಂದು ಫೋಟೋ:
ಗೋರಿಯಲ್ಲಿ ಸಿಕ್ಕ ತೊಗಲು, ಅಂಗೈಯಷ್ಟು,
ಎರಡು ಸಾವಿರ ವರ್ಷ ಒಣಗಿದ ಹಪ್ಪಳ.
"ಇದನ್ನು ನೋಡಿ ಪೂರ್ತಿ ಜೀನು ಮಾಡು.
ರಿಕಾಪು ಇರಲಿಲ್ಲ ಆಗ. ಮೊಳೆ ಬೇಡ. ಮಿಷನ್ನು ಮುಟ್ಟಬೇಡ."
ಉಗುರು ತೋರಿಸಿ ಆಳಿಗೆ ಅಂಗಿ ಹೊಲಿ ಅಂದ ಹಾಗೆ.

ಹೊಲಿದೆ.
ಜಾಲಿ ತೊಗಟೆಯ ನೀರಲ್ಲಿ ತೊಗಲು ಹದ ಮಾಡಿದೆ,
ಜಾಲಿ ಇಲ್ಲಿಯೂ ಜಾಲಿಯೇ, ಮುಳ್ಳು ಅಷ್ಟೇ ಉದ್ದ.
ಕವಚಕ್ಕೆ ಒಂಟೆಯ ಚರ್ಮ, ಮೇಣದಲ್ಲಿ ಅದ್ದಿ ಬಿರುಸಾಗಿಸಿ
ಮೀನಿನ ಪೊರೆಯಂತೆ ಐನೂರ ಹನ್ನೆರಡು ಬಿಲ್ಲೆ.
ಕೊನೆಯದು ಕೂರಿಸುವ ಹೊತ್ತಿಗೆ
ನನ್ನ ಹೆಬ್ಬೆರಳೂ ಒಂದು ಬಿಲ್ಲೆ.

ಒಂದು ಮಾತು. ಫೋಟೋದ ತುಂಡಿನ ಅಂಚಲ್ಲಿ,
ಹೊಟ್ಟೆಪಟ್ಟಿ ಸೇರುವ ಕಡೆ, ಎರಡು ತೂತು,
ನಡುವೆ ಜೋಳದ ಕಾಳಿನಷ್ಟು ಜಾಗ.
ಕೆಲಸ ಕಲಿಯುವ ಹುಡುಗ ಆರಿ ಜಾರಿಸಿರಬೇಕು,
ಪಾಪ, ಎಂದುಕೊಂಡೆ.
ನಾನು ಒಂದೇ ಹಾಕಿದೆ, ಚೊಕ್ಕವಾಗಿ.

ಸವಾರ ಶಾಹ್‌ದಾದ್, ಮಕ್ರಾನಿನ ಬಲೋಚಿ.
ಮೈಮೇಲೆ ಹದಿನೇಳು ಕಿಲೋ, ಕೈಯಲ್ಲಿ ಬಿದಿರಿನ ಭರ್ಜಿ,
ಎದುರಿಗೆ ಮರಳು ತುಂಬಿದ ಗೋಣಿ, ಅದೇ ಶತ್ರು.
ದಾನಾ ಎಂಬ ಕುದುರೆ ಹೊಸ ಜೀನನ್ನು ತಿರುಗಿ ನೋಡಿತು
ಸೀರೆ ಅಂಗಡಿಗೆ ಬಂದ ಬೀಗತಿಯ ಹಾಗೆ.

ಮೊದಲು ನಡಿಗೆ. ಆಮೇಲೆ ಕುಲುಕು ಓಟ.
ಬಿಲ್ಲೆಗಳ ಸದ್ದು ಒಣಗಿದ ಹುಣಸೆಕಾಯಿ ಗಾಳಿಗೆ ಅಲ್ಲಾಡಿದಂತೆ.
"ಸದ್ದು ಬರೆದುಕೋ," ಶಮ್ಮಾ ಶಿಷ್ಯೆಗೆ ಕೂಗಿದರು,
"ಇದನ್ನು ಯಾವ ಗೋರಿಯೂ ಉಳಿಸುವುದಿಲ್ಲ."
ಕವಚದೊಳಗಿನ ಕಾವು ನಲವತ್ತಾರು, ಅದನ್ನೂ ಬರೆದಳು.
ಮೂರನೆಯದು ನಾಗಾಲೋಟ.
ಭರ್ಜಿ ಗೋಣಿಗೆ ನಾಟಿತು, ಟಪ್ ಎಂದಿತು ಏನೋ,
ಶಾಹ್‌ದಾದ್ ಜೀನಿನ ಸಮೇತ ಮರಳಿಗೆ.

ಅಥಣಿಯ ಅಂಗಡಿ ಕಟ್ಟೆ ಕಣ್ಣಿಗೆ ಬಂತು.
ಕಿತ್ತ ಮೆಟ್ಟನ್ನು ಕಾಲಲ್ಲೇ ಮುಂದಕ್ಕೆ ನೂಕಿ
"ಏನ್ ಹೊಲ್ದೀಯಲೇ" ಅನ್ನುತ್ತಿದ್ದರು.
ಅಪ್ಪ ಮೆಟ್ಟು ಎತ್ತುತ್ತಿದ್ದ, ತಲೆ ಎತ್ತುತ್ತಿರಲಿಲ್ಲ.

ಶಾಹ್‌ದಾದ್ ಮರಳು ಉಗುಳಿ, ಎದ್ದು, ಕುದುರೆಯ ಅಜ್ಜಿಯನ್ನು ಬೈದ.
ತಪ್ಪಾಯಿತು ಎನ್ನುವುದಕ್ಕೆ ನಾನು ಅರಬಿ ಹುಡುಕುತ್ತಿದ್ದೆ;
ಶಮ್ಮಾ ಓಡಿ ಬಂದು ಮಂಡಿಯೂರಿ
"ಎಲ್ಲಿ? ಎಲ್ಲಿ ಕಿತ್ತಿತು? ಯಾರೂ ಮುಟ್ಟಬೇಡಿ!"
ಹಬ್ಬದ ಮುಖ.
ಚಿತ್ರ ತೆಗೆದು ಮುಗಿದ ಮೇಲೆ ಹರಿದ ಪಟ್ಟಿಯನ್ನು
ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಕಿತ್ತದ್ದು ಆ ಒಂದೇ ತೂತಿನಲ್ಲಿ.
ಎಳೆತವೆಲ್ಲ ಒಂದೇ ಬಾಗಿಲಿಗೆ ನುಗ್ಗಿ ಚೌಕಟ್ಟನ್ನೇ ಸೀಳಿತ್ತು.

ಅಂದರೆ ಅವನಿಗೂ ಕಿತ್ತಿತ್ತು.
ಅವನ ಮುಂದೆಯೂ ಯಾರೋ ಬಿದ್ದಿದ್ದರು, ಯಾರೋ ಕಾಲಲ್ಲಿ ನೂಕಿದ್ದರು.
ಮರುದಿನ ಅವನು ಕೂತು, ಏನೂ ಹೇಳದೆ, ಎರಡನೆಯದು ಚುಚ್ಚಿದ.
ಗೋರಿ ಸವಾರನದು. ಕುದುರೆಗೂ ಪಕ್ಕದಲ್ಲಿ ಗುಂಡಿ ತೋಡಿದ್ದಾರೆ.
ಹೊಲಿದವನಿಗೆ ಮಾತ್ರ
ಜೋಳದ ಕಾಳಿನಷ್ಟು ಜಾಗ.

ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಆರಿ ಮಸೆದೆ.
ಅಳತೆಗೆ ನಿಜವಾಗಿಯೂ ಒಂದು ಜೋಳ ಬೇಕಿತ್ತು; ಡಬ್ಬಿಯಲ್ಲಿತ್ತು.
ಶಾಹ್‌ದಾದ್ ಬಾಗಿಲಿಗೆ ಒರಗಿ ನಿಂತು ಕೇಳಿದ:
"ನಾಳೆಯಾದರೂ ತಡೆಯುತ್ತದಾ, ಬರಸಬ್ಬ?"
"ತಡೆಯದಿದ್ದರೆ ಮೇಡಮ್ಮಿಗೆ ಇನ್ನೂ ಖುಷಿ," ಎಂದೆ.
ಅವನು ಸೊಂಟ ಒಮ್ಮೆ ಸವರಿಕೊಂಡು
ಚಹಾಕ್ಕೆ ನೀರಿಟ್ಟ.