ಏಳನೇ ಟೇಬಲ್ಲಿನ ತಕರಾರು

ಹನ್ನೊಂದಕ್ಕಿನ್ನು ಹತ್ತು ನಿಮಿಷ.
ಬಿ.ಎಚ್. ರಸ್ತೆಯ ಕೊನೇ ಸಿಟಿ ಬಸ್ಸು ಹೋಗಿ ಬಹಳ ಹೊತ್ತಾಯಿತು.
ಏಳನೇ ಟೇಬಲ್ಲಿನಲ್ಲಿ ಮಾತ್ರ ಎರಡು ಮಹಾನಗರಗಳು
ಎದುರುಬದುರು ಕೂತು
ಒಂದೇ ಬಟ್ಟಲಿನ ಕಾಂಗ್ರೆಸ್ ಕಡ್ಲೆ ತಿನ್ನುತ್ತಿವೆ.

"ಮುಂಬಯಿ ಅಂದ್ರೆ ಮುಂಬಯಿ ಕಣೋ."
ಔಷಧಿ ಕಂಪನಿಯ ಸುಧೀಂದ್ರ. ಟೈ ಬಿಚ್ಚಿ ಜೇಬಿಗೆ ತುರುಕಿದ್ದಾನೆ,
ತುದಿ ಹೊರಗೆ ಇಣುಕಿದೆ.
"ರಾತ್ರಿ ಎರಡಕ್ಕೂ ಊರು ಕಣ್ಣು ಮುಚ್ಚಲ್ಲ.
ಸಮುದ್ರದ ಗಾಳಿಗೇ ಅರ್ಧ ಏರಿರತ್ತೆ."
ಬೋರ್‌ವೆಲ್ ಲಾರಿಯ ಜೆರಾಲ್ಡ್ ಬಿಡುವವನಲ್ಲ:
"ನಿನ್ನ ಸಮುದ್ರ ನೀನೇ ಕುಡಿ ಮಾರಾಯ.
ಬೆಂಗ್ಳೂರಲ್ಲಿ ಬಿಯರು ಅಲ್ಲೇ ಕುದಿಸಿ ಅಲ್ಲೇ ಬಸಿದು ಕೊಡ್ತಾರೆ.
ತಾಮ್ರದ ಹಂಡೆ, ನಮ್ಮಜ್ಜಿ ಬಚ್ಚಲಲ್ಲಿ ಇತ್ತಲ್ಲ,
ಅಂಥವು ಇಪ್ಪತ್ತು ಸೇರಿದ್ರೆ ಎಷ್ಟೋ, ಅಷ್ಟು!"

ಸುಧೀಂದ್ರ ಮುಂಬಯಿ ಕಂಡದ್ದು ಕಂಪನಿಯ ಮೂರು ದಿನದ ತರಬೇತಿಯಲ್ಲಿ.
ಜೆರಾಲ್ಡ್ ಚರ್ಚ್ ಸ್ಟ್ರೀಟಿಗೆ ಹೋದದ್ದು ಒಂದೇ ಸಲ,
ಲಾರಿಯ ಪರ್ಮಿಟ್ ಕೆಲಸಕ್ಕೆಂದು ಹೋದಾಗ.
ನನಗೆ ಗೊತ್ತು. ಪ್ರತಿ ಶನಿವಾರ ಬಿಲ್ಲು ತರುವವ ನಾನೇ.

"ಭೋಜಣ್ಣ ಹೇಳ್ಲಿ! ಎರಡೂ ಕಡೆ ದುಡಿದವ."

ಹೌದು, ದುಡಿದಿದ್ದೇನೆ.
ಚೆಂಬೂರಿನಲ್ಲಿ ಒಂಬತ್ತು ವರ್ಷ. ಷಟರ್ ಎಳೆದ ಮೇಲೆ
ನಾಲ್ಕು ಟೇಬಲ್ ಜೋಡಿಸಿ ಅದರ ಮೇಲೆ ಆರು ಮಂದಿ,
ಒಬ್ಬನ ತಲೆಗೆ ಇನ್ನೊಬ್ಬನ ಕಾಲು.
ಕೆನ್ನೆಯಡಿ ಯಾರೋ ಚೆಲ್ಲಿದ ರಮ್ಮಿನ ಅಂಟು.
ಸಮುದ್ರ ಇತ್ತಂತೆ.
ರಜೆಯ ದಿನ ಬಟ್ಟೆ ಒಗೆಯಬೇಕಿತ್ತು.

ಆಮೇಲೆ ಇಂದಿರಾನಗರ, ಹದಿನಾಲ್ಕು ತಿಂಗಳು.
ಬಾಗಿಲಲ್ಲಿ ಕಂಬದಂಥ ಹುಡುಗ
ಬಂದವರ ಮಣಿಕಟ್ಟಿಗೆಲ್ಲ ನೇರಳೆ ಮುದ್ರೆ ಒತ್ತುತ್ತಿದ್ದ.
ನಮಗೆ ಹಿಂದಿನ ಕಬ್ಬಿಣದ ಮೆಟ್ಟಿಲು, ಮುದ್ರೆ ಬೇಡ.
ಒಂದು ರಾತ್ರಿ ಸುಮ್ಮನೆ ಕೈ ಚಾಚಿದೆ.
ನಕ್ಕ. ಒತ್ತಿದ.
ಗ್ಲಾಸು ತೊಳೆಯುತ್ತ ತೊಳೆಯುತ್ತ
ಅರ್ಧ ಗಂಟೆಯಲ್ಲಿ ಅಳಿಸಿಹೋಯಿತು.

ಇದೊಂದನ್ನೂ ಹೇಳಲಿಲ್ಲ.
ಗಿರಾಕಿಯ ಲೋಟಕ್ಕೆ ನೀರು ಬೆರೆಸುವುದು ಕೇಳಿದಾಗ ಮಾತ್ರ,
ಕಸುಬಿನ ಮೊದಲ ಪಾಠ.
"ಮುಂಬಯಿಯಲ್ಲಿ ಐಸು ಜಾಸ್ತಿ ಸಾರ್, ಬೆಂಗ್ಳೂರಲ್ಲಿ ಲೈಟು ಕಮ್ಮಿ" ಎಂದೆ.
ಇಬ್ಬರೂ ತಾವೇ ಗೆದ್ದೆವೆಂದು ಮೇಜು ಕುಟ್ಟಿದರು.

"ಮತ್ತೆ ನಮ್ಮ ಶಿವಮೊಗ್ಗ?"
"ಇಲ್ಲಿ ರಾತ್ರಿ ಎಲ್ಲಿದೆ ಹೇಳು?
ಹನ್ನೊಂದೂವರೆಗೆ ಜೀಪು ಬಂದು ಹತ್ತಿಸ್ಕೊಂಡು ಹೋಗತ್ತಲ್ಲ."

ಜೀಪು ಬಂತು. ಲೈಟು ಆರಿಸಿದೆವು.
ಹಿತ್ತಿಲ ಓಣಿಯಲ್ಲಿ ಆಗಲೇ ಅಲಮೇಲಕ್ಕ,
ಭದ್ರಾವತಿಯ ಕಾಗದದ ಕಾರ್ಖಾನೆ ನಿಂತ ಮೇಲೆ ಇಲ್ಲಿಗೆ ಬಂದವಳು,
ಗೋಣಿಯ ಬಾಯಿ ಅಗಲಿಸಿ ಬಾಟ್ಲಿ ಆರಿಸುತ್ತಿದ್ದಾಳೆ.
ಕಂದು ಒಂದು ಕಡೆ, ಹಸಿರು ಒಂದು ಕಡೆ,
ಉಳಿದ ಹನಿಗಳನ್ನು ಗಟಾರಕ್ಕೆ ಸುರಿದು,
ಕೈ ಮಾತ್ರ ದೂರ ಹಿಡಿದು.
ತಮಾಷೆಗೆ ಕೇಳಿದೆ,
"ಅಕ್ಕ, ಮುಂಬಯಿ ಹೆಚ್ಚೋ ಬೆಂಗ್ಳೂರು ಹೆಚ್ಚೋ?"
ತಲೆ ಎತ್ತದೆ ಅಂದಳು:
"ಅಲ್ಲೆಲ್ಲ ಬಿಯರ್ ಬಾಟ್ಲಿಗೆ ಎಷ್ಟು ಕೊಡ್ತಾರೆ?"

ಯೋಚಿಸಿದೆ.
ಇಪ್ಪತ್ತು ವರ್ಷದಿಂದ ಮುಚ್ಚಳ ಹಾರಿಸುತ್ತಿದ್ದೇನೆ.
ಗೊತ್ತಿಲ್ಲ.
"ಇಲ್ಲಿ ಎರಡು ರೂಪಾಯಿ" ಅಂದಳು ಅವಳೇ,
"ಬಾಯಿ ಒಡೆದಿದ್ರೆ ಅದೂ ಇಲ್ಲ."

ಮುಂದುಗಡೆ ಸುಧೀಂದ್ರನ ಸ್ಕೂಟರು ಕಿಕ್ಕಿಗೆ ಕಿಕ್ಕು ಕೆಮ್ಮುತ್ತಿತ್ತು.
ಎರಡು ನಗರಗಳೂ ಒಂದೇ ಸೀಟಿನ ಮೇಲೆ,
ಹೋಗಬೇಕಾದ್ದು ವಿನೋಬನಗರ.
ನಾನು ಹಿಂದಿನಿಂದ ದೂಡಿದೆ. ಅಲುಗಲಿಲ್ಲ.
ಅಲಮೇಲಕ್ಕ ಗೋಣಿ ಕೆಳಗಿಟ್ಟಳು, ಒಳಗೆಲ್ಲ ಒಮ್ಮೆ ಕಿಣಿಕಿಣಿ,
ಸೆರಗು ಸಿಕ್ಕಿಸಿ ಅವಳೂ ಕೈ ಹಚ್ಚಿದಳು.
"ನೋಡು," ಜೆರಾಲ್ಡ್ ಹಿಂದಿನ ಸೀಟಿನಿಂದ ಕೂಗುತ್ತಿದ್ದ,
"ಬೆಂಗ್ಳೂರಲ್ಲಾಗಿದ್ರೆ ಈಗ—"

ಎಂಜಿನ್ನು ಹತ್ತಿತು.
ಉಳಿದದ್ದು ಕೇಳಿಸಲಿಲ್ಲ.